ಗುರುವಾರದ ಕುರ್ಚಿಗಳು

ಮಾರ್ಚ್ 4, ಸೋಮವಾರ

ಲೋ ಪೆನ್ಸಿಲ್,

ಕಾಗದ ಬರೆಯುವವರು ಮೊದಲು ತಾವು ಕ್ಷೇಮ ಅಂತ ಬರೆಯುತ್ತಾರೆ. ನಾನು ಕ್ಷೇಮವಾಗಿಲ್ಲ. ಮೊಣಕಾಲು ಹಿಡಿದುಕೊಂಡಿದೆ, ತಲೆ ಕಾದಿದೆ. ಮೊಣಕಾಲಿಗೆ ಕಾರಣ ವಯಸ್ಸು, ತಲೆಗೆ ಕಾರಣ ನೀನು. ಫೋನ್ ಮಾಡೋಣವೆಂದರೆ ಎರಡನೇ ಮಾತಿಗೆ ನಾನು ಕೂಗುತ್ತೇನೆ, ಮೂರನೇ ಮಾತಿಗೆ ನೀನು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಇದನ್ನು ಎಲ್ಲಿ ಬಿಸಾಕಿದರೂ ಬಾಯಿ ಮುಚ್ಚುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದು.

ತಂಗಿ ಎಲ್ಲಾ ಹೇಳಿದಳು. ನಿನ್ನ ಎಡಗೈ ಕಿರುಬೆರಳಿನ ತುದಿ ಗರಗಸದ ಮಿಷನ್ನಿಗೆ ಹೋಯಿತಂತೆ. ಮಧ್ಯಾಹ್ನ ಹನ್ನೆರಡಕ್ಕೇ ಏರಿಸಿಕೊಂಡಿದ್ದೆಯಂತೆ. ಬಟ್ಟೆ ಸುತ್ತಿಕೊಂಡು ಮನೆಗೆ ಬಂದು "ಒಂಬತ್ತೂವರೆ ಬೆರಳು ಸಾಕು ಬಿಡೇ" ಅಂತ ನಕ್ಕೆಯಂತೆ. ನೀನು ಕುಡಿದದ್ದಕ್ಕೆ ಅವಳು ಮನೆ ಬಿಡಲಿಲ್ಲ, ತಿಳಿದುಕೋ. ಕುಡಿದದ್ದನ್ನು ಇಪ್ಪತ್ತೆಂಟು ವರ್ಷ ಸಹಿಸಿದ್ದಾಳೆ. ನೀನು ನಕ್ಕದ್ದಕ್ಕೆ ಬಿಟ್ಟಳು. "ಮಿಕ್ಕಿದ್ದೂ ಒಂದೊಂದಾಗಿ ಹೋಗೋದನ್ನ ನೋಡ್ತಾ ಕೂತಿರೋಕೆ ನನ್ನ ಕೈಲಾಗಲ್ಲ ಅಣ್ಣ" ಅಂದಳು. ಎಲ್ಲಿದ್ದಾಳೆ ಅಂತ ಕೇಳಬೇಡ. ಚೆನ್ನಾಗಿದ್ದಾಳೆ, ಅಷ್ಟು ಸಾಕು.

ಅವಳು ಹೇಳುವುದು ಒಂದೇ. ನೀನೇ ನಿನ್ನ ಕಾಲಮೇಲೆ ನಡೆದು ಹೋಗಿ ನಾಲ್ಕು ಜನರ ಮುಂದೆ "ನನ್ನ ಕೈಲಿ ಬಿಡೋಕೆ ಆಗ್ತಿಲ್ಲ" ಅಂತ ಹೇಳಿದ ದಿನ ವಾಪಸ್ಸು ಬರುತ್ತಾಳೆ. ಇಲ್ಲದಿದ್ದರೆ ಇಲ್ಲ.

ಕುಡಿತ ಬಿಡಬೇಕೆನ್ನುವವರು ಸೇರುವ ಅಂಥ ಜಾಗ ಎಲ್ಲಿದೆ ಅಂತ ನಾನೇ ವಿಚಾರಿಸಿದೆ. ಮೂರು ದಿನ ಅಲೆದೆ. ಔಷಧಿ ಅಂಗಡಿಯವನು ಮಾತ್ರೆ ಕೊಡಲು ಬಂದ, ಅವನಿಗೆ ಬೈದೆ. ಕೊನೆಗೆ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಪಟ್ಟಿ ತೆಗೆದಳು. "ಯಾರಿಗೆ ತಾತ?" ಅಂದಳು. "ನನ್ನ ತಂಗಿ ಗಂಡನಿಗೆ" ಅಂದೆ. "ಎಲ್ರೂ ತಂಗಿ ಗಂಡನಿಗೇ ಕೇಳ್ತಾರೆ" ಅಂತ ನಕ್ಕಳು. ಹಲ್ಲು ಉದುರಿಸೋಣ ಅನ್ನಿಸಿತು. ನಿಮ್ಮ ಊರಿನ ವಿಳಾಸವನ್ನು ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಹಳೆ ಅಂಚೆ ಕಚೇರಿಯ ಹಿಂದಿನ ಓಣಿ, ಹಸಿರು ಬಾಗಿಲು, ಪ್ರತಿ ಗುರುವಾರ ಸಂಜೆ ಆರು. ಹೆಸರು ಕೇಳುವುದಿಲ್ಲ, ಕಾಸು ಕೇಳುವುದಿಲ್ಲ. ಹೋಗಿ ಕೂರಬೇಕು, ಅಷ್ಟೇ.

ಇನ್ನೊಂದು. ಬಡಗಿಯ ಮನೆಯ ಅಡುಗೆಮನೆಯಲ್ಲಿ ಸ್ಟೂಲು ನಾಲ್ಕು ವರ್ಷದಿಂದ ಅಲ್ಲಾಡುತ್ತಿದೆಯಂತೆ. ನಾಚಿಕೆ ಆಗಬೇಕು ನಿನಗೆ.

ನಿನ್ನ ಭಾವ


ಮಾರ್ಚ್ 13, ಬುಧವಾರ

ಭಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಕವರು ಬಿಚ್ಚುವ ಮೊದಲೇ ನಿಮ್ಮ ದನಿ ಕೇಳಿಸಿತು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡಿ.

ಬೆರಳಿನ ಗಾಯ ಒಣಗುತ್ತಿದೆ. ಕೆಲಸದಲ್ಲಿ ಒಂದು ತಿಂಗಳು ರಜೆ ಕೊಟ್ಟಿದ್ದಾರೆ. ಇಲ್ಲಿ ಕೆಲಸವೆಂದರೆ ಏನು ಭಾವ, ಕಿಟಕಿ ಚೌಕಟ್ಟು, ದಿನಕ್ಕೆ ನಲವತ್ತು, ಎಲ್ಲಾ ಒಂದೇ ಅಳತೆ. ಮಿಷನ್ನೇ ಕೊಯ್ಯುತ್ತದೆ, ಮಿಷನ್ನೇ ತೂತು ಹೊಡೆಯುತ್ತದೆ. ಪೆನ್ಸಿಲ್ ಈಗಲೂ ಕಿವಿಯ ಮೇಲಿದೆ. ಅದಕ್ಕೆ ಮಾತ್ರ ಕೆಲಸವಿಲ್ಲ.

ಸುಮ್ಮನೆ ಕೂತಾಗ ಮಾವನವರ ವರ್ಕ್‌ಶಾಪು ನೆನಪಾಗುತ್ತದೆ. ಕೆಳಗೆ ನಾನು ಕೊರೆಯುವುದು, ಅಟ್ಟದ ಮೇಲೆ ನೀವು ಪಾಲಿಶ್ ಹಚ್ಚುವುದು. ಅರಗು ಮತ್ತು ಸ್ಪಿರಿಟ್ಟಿನ ವಾಸನೆ ಏಣಿ ಇಳಿದು ಬರುತ್ತಿತ್ತು. ಮಾವನವರ ನಿಯಮ ನೆನಪಿದೆಯೇ? ಕುರ್ಚಿಯ ಮೇಲೆ ಕೂತವನು ಅದರ ದೋಷ ಹೇಳದೆ ಏಳಬಾರದು. ಗಿರಾಕಿಗೆ ಹೋಗುವ ಮೊದಲು ಒಂದೊಂದರ ಮೇಲೂ ಕೂತು, ಹಿಂದೆ ಮುಂದೆ ಆಡಿ, ಗಟ್ಟಿಯಾಗಿ ಹೇಳಬೇಕು. "ದೋಷ ಇಲ್ಲ" ಅಂದರೆ ತಲೆಗೆ ಮೊಟಕುತ್ತಿದ್ದರು. "ದೋಷ ಇಲ್ದೇ ಇರೋ ಕುರ್ಚಿ ಇಲ್ಲ ಕಣೋ, ಸರಿಯಾಗಿ ಕೂತಿಲ್ಲ ನೀನು" ಅನ್ನುತ್ತಿದ್ದರು. ಆ ಅಭ್ಯಾಸ ನನ್ನನ್ನು ಬಿಟ್ಟೇ ಇಲ್ಲ. ಮದುವೆಯ ದಿನ ಪಕ್ಕದಲ್ಲಿ ಕೂತವಳ ಕಿವಿಯಲ್ಲಿ ನಾನು ಆಡಿದ ಮೊದಲ ಮಾತು, "ಈ ಕುರ್ಚಿಯ ಹಿಂಗಾಲು ಗಿಡ್ಡ" ಅಂತ. ಇವತ್ತಿಗೂ ಅದನ್ನು ಹೇಳಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳುತ್ತಿದ್ದಳು.

ಅವಳು ಮಗಳ ಮನೆಯಲ್ಲಿ ಇದ್ದಾಳೆ ಅಂದುಕೊಂಡಿದ್ದೇನೆ. ಅಲ್ಲಿಗೆ ಫೋನ್ ಮಾಡಿದರೆ ಮಗಳು "ಅಮ್ಮ ಸ್ನಾನಕ್ಕೆ ಹೋಗಿದ್ದಾರೆ" ಅನ್ನುತ್ತಾಳೆ. ಮೂರು ವಾರದಿಂದ ಸ್ನಾನವೇ.

ಗುರುವಾರ ನೋಡುತ್ತೇನೆ. ಆದರೆ ಭಾವ, ಕೋಪ ಮಾಡಿಕೊಳ್ಳಬೇಡಿ, ಒಂದು ಮಾತು. ವಾಚನಾಲಯದ ನಲವತ್ತು ಕುರ್ಚಿ ಮುಗಿದ ಸಂಜೆ ಅಟ್ಟದ ಮೇಲೆ ನನ್ನ ಕೈಗೆ ಮೊದಲ ಗುಟುಕು ಕೊಟ್ಟವರು ಯಾರು? ಈಗ ಚೀಟಿ ಕಳಿಸುವವರು ಯಾರು?

ಸ್ಟೂಲು ಈಗ ಅಲ್ಲಾಡುತ್ತಿಲ್ಲ ಅಂತ ಅವಳಿಗೆ ಹೇಳಿ. ನಿಮ್ಮ ಕಾಗದ ಬಂದ ದಿನವೇ ಸರಿಯಾಯಿತು.

ನಿಮ್ಮ,
ಪೆನ್ಸಿಲ್


ಮಾರ್ಚ್ 19, ಮಂಗಳವಾರ

ಪೆನ್ಸಿಲ್,

ಒಂದು ಮುಚ್ಚಳ. ಪಾಲಿಶ್ ಡಬ್ಬಿಯ ಒಂದು ಮುಚ್ಚಳ ಸಾರಾಯಿ ಕೊಟ್ಟೆ ನಿನಗೆ, ಮೂವತ್ತನಾಲ್ಕು ವರ್ಷದ ಹಿಂದೆ. ತೊಳೆದೇ ಕೊಟ್ಟೆ. ನೀನು ಕೆಮ್ಮಿ ಕೆಮ್ಮಿ ಮೂಗಿನಲ್ಲಿ ಬರಿಸಿಕೊಂಡೆ, ನಾನು ಬಿದ್ದು ಬಿದ್ದು ನಕ್ಕೆ. ನಲವತ್ತು ಕುರ್ಚಿ ಕಿಟಕಿಯ ಬೆಳಕಿನಲ್ಲಿ ಸಾಲಾಗಿ ನಿಂತಿದ್ದವು, ಒಂದೊಂದರಲ್ಲೂ ಮುಖ ಕಾಣುತ್ತಿತ್ತು. ಅಂಥ ಸಂಜೆಯಲ್ಲಿ ಒಂದು ಮುಚ್ಚಳ ಕೊಟ್ಟದ್ದು ತಪ್ಪಾ? ಅದಾದ ಮೇಲೆ ಬಾಟಲಿಗಳನ್ನು ನಾನು ಕೊಟ್ಟೆನಾ? ನನ್ನ ಮೇಲೆ ಹಾಕಬೇಡ.

ನಾನೂ ತೆಗೆದುಕೊಳ್ಳುತ್ತೇನೆ, ಇಲ್ಲವೆನ್ನುವುದಿಲ್ಲ. ಸ್ಪಿರಿಟ್ ಅಳೆಯುವ ಗಾಜಿನ ಲೋಟದಲ್ಲಿ ಗೀರು ಹಾಕಿ ಇಟ್ಟುಕೊಂಡಿದ್ದೇನೆ. ಸಂಜೆ ಒಂದು ಸಲ, ಗೀರಿನ ತನಕ. ಅದಕ್ಕೆ ಅಳತೆ ಅನ್ನುತ್ತಾರೆ. ನಿನಗೆ ಅಳತೆ ಇಲ್ಲ, ಅದಕ್ಕೇ ನೀನು ಹೋಗಬೇಕು, ನಾನಲ್ಲ.

ಸ್ಟೂಲು ಸರಿಮಾಡಿದ್ದು ಒಳ್ಳೆಯದಾಯಿತು. ಗುರುವಾರ ಹೋಗು. ಹೋಗಿಬಂದು ಬರೆ. ಅಲ್ಲಿಯ ತನಕ ಬರೆಯಬೇಡ.

ಭಾವ


ಮಾರ್ಚ್ 29, ಶುಕ್ರವಾರ

ಭಾವನವರಿಗೆ,

ಹೋಗಿದ್ದೆ. ನಿನ್ನೆ ಸಂಜೆ.

ಓಣಿ ಸುಲಭಕ್ಕೆ ಸಿಗಲಿಲ್ಲ. ಇಸ್ತ್ರಿ ಅಂಗಡಿಯವನು ಕೈ ತೋರಿಸಿದ. ಬಾಗಿಲು ಹಳೇ ಕೆಲಸ, ಗಟ್ಟಿಮರ. ಹಸಿರು ಬಣ್ಣ ಮೂರು ಪದರ, ಕೆಳಗಿನ ಕೀಲಿನ ಎರಡು ಸ್ಕ್ರೂ ಬಿದ್ದುಹೋಗಿವೆ, ಹಾಗಾಗಿ ತೆರೆಯುವಾಗ ಹೊಸ್ತಿಲನ್ನು ಕೆರೆಯುತ್ತದೆ. ಹಿತ್ತಾಳೆಯ ಹಿಡಿ, ಜನ ಹಿಡಿದು ಹಿಡಿದು ಒಂದು ಕಡೆ ಸವೆದಿದೆ.

ಒಳಗೆ ಹತ್ತು ಹನ್ನೆರಡು ಜನ. ತುಂಬಾ ಒಳ್ಳೆಯವರು. ಒಬ್ಬ ಬಸ್ ಡ್ರೈವರ್ ತನ್ನ ಕಥೆ ಹೇಳುತ್ತಾ ಅತ್ತುಬಿಟ್ಟ. ಒಬ್ಬರು ರಿಟೈರಾದ ಮೇಷ್ಟ್ರು ಅವನ ಬೆನ್ನು ಸವರಿದರು. ನಾನೂ ಎರಡು ಮಾತು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಟೀ ಕೊಟ್ಟರು. ಒಂದು ಗಂಟೆ ಹೇಗೆ ಹೋಯಿತೋ ತಿಳಿಯಲಿಲ್ಲ. ಮನಸ್ಸು ಹಗುರವಾಯಿತು.

ಅವಳಿಗೆ ಹೇಳಿ. ಮನೆಯನ್ನು ಗುಡಿಸಿದ್ದೇನೆ. ಕಿಟಕಿಯಲ್ಲಿ ಅವಳ ಗಿಡ ಬದುಕಿದೆ.

ಪೆನ್ಸಿಲ್


ಏಪ್ರಿಲ್ 5, ಶುಕ್ರವಾರ

ಪೆನ್ಸಿಲ್, ನನ್ನಪ್ಪ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ನನಗೆ ಹೊಗಳಲು ಬರುವುದಿಲ್ಲ. ಬಂದಿದ್ದರೆ ಹೊಗಳುತ್ತಿದ್ದೆ.

ತಂಗಿಗೆ ಓದಿ ಹೇಳಿದೆ. ಫೋನಿನಲ್ಲಿ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು, ಅಂದರೆ ಫೋನಿನಲ್ಲಿ ಹಾಗೆ ಕೇಳಿಸಿತು. ಬಟ್ಟೆ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಾಳೆ. ಮುಂದಿನ ಶುಕ್ರವಾರದ ಬಸ್ಸಿಗೆ ಬರುತ್ತಾಳೆ.

ಇವತ್ತು ಬೆಳಿಗ್ಗೆ ವಾಚನಾಲಯದ ಕಡೆ ಹೋಗಿದ್ದೆ. ಈಗ ಅಲ್ಲಿ ಓದುವವರಿಗಿಂತ ಫ್ಯಾನಿನ ಕೆಳಗೆ ತೂಕಡಿಸುವವರೇ ಜಾಸ್ತಿ. ನಮ್ಮ ನಲವತ್ತರಲ್ಲಿ ಇಪ್ಪತ್ತೊಂದು ಉಳಿದಿವೆ. ಪಾಲಿಶ್ ಹೋಗಿದೆ, ಆದರೆ ಒಂದರ ಸಂದೂ ಬಿಟ್ಟಿಲ್ಲ. ಒಂದರ ಮೇಲೆ ಕೂತೆ. ಎದುರಿಗಿದ್ದವನು ಪೇಪರ್ ಇಳಿಸಿ ನೋಡಿದ, ಯಾಕೆಂದರೆ ನಾನು ಗಟ್ಟಿಯಾಗಿ "ಬೆನ್ನಿನ ಪಟ್ಟಿ ಒಂದು ನೂಲಿನಷ್ಟು ಎಡಕ್ಕಿದೆ" ಅಂದಿದ್ದೆ. ನಿನ್ನ ಕೆಲಸ ಅದು. ಆಗಲೇ ಹೇಳಬೇಕಿತ್ತು, ಆ ಸಂಜೆ ಖುಷಿಯಲ್ಲಿ ಬಿಟ್ಟುಬಿಟ್ಟೆ.

ಮುಂದಿನ ಗುರುವಾರವೂ ತಪ್ಪಿಸಬೇಡ.

ಭಾವ


ಏಪ್ರಿಲ್ 11, ಗುರುವಾರ

ಸುಳ್ಳುಗಾರ,

ನೀನು ಹೋಗಿಲ್ಲ.

ಅಲ್ಲಗಳೆಯುವ ಮೊದಲು ಪೂರ್ತಿ ಓದು. ಮೊದಲು ನನ್ನ ಸುಳ್ಳನ್ನು ಹೇಳಿಬಿಡುತ್ತೇನೆ, ಆಮೇಲೆ ನಿನ್ನದು. ತಂಗಿ ಮಗಳ ಮನೆಯಲ್ಲಿಲ್ಲ. ಮೊದಲ ದಿನದಿಂದಲೂ ನನ್ನ ಮನೆಯಲ್ಲೇ ಇದ್ದಾಳೆ. ನಿನ್ನ ಕಾಗದಗಳನ್ನೆಲ್ಲ ನನಗಿಂತ ಮೊದಲು ಅವಳೇ ಓದಿದ್ದಾಳೆ. ಹೇಳಬೇಡ ಅಂದಿದ್ದಳು, ಹೇಳಲಿಲ್ಲ.

ನಿನ್ನೆ ಚೀಲ ಕಟ್ಟುತ್ತಾ ಅವಳು ನನ್ನ ಕಿಟಕಿಯ ಹತ್ತಿರ ನಿಂತಳು. ಅಳತೆಯ ಲೋಟ ಎತ್ತಿ ಬೆಳಕಿಗೆ ಹಿಡಿದಳು. "ಅಣ್ಣ, ಇದ್ರಲ್ಲಿ ಮೂರು ಗೀರು ಇದೆ" ಅಂದಳು. "ಹಳೇದು" ಅಂದೆ. "ಹಳೇದು ಕೆಳಗಡೆ ಇದೆ. ಮೇಲಿನ ಎರಡು ಹೊಸದು. ಇವ್ರು ಹೋಗಿ ಬಂದ್ರು. ನೀನು?" ಅಂದಳು. ನನಗೆ ಸಿಟ್ಟು ಬಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ. ಆ ನರ್ಸಮ್ಮ ಅವತ್ತು ನನ್ನ ಕೈಗೆ ಕೊಟ್ಟ ಪಟ್ಟಿಯ ಹಿಂದುಗಡೆ ನಾನು ಕೇಳದೆಯೇ ನಮ್ಮ ಊರಿನ ವಿಳಾಸವನ್ನೂ ಬರೆದುಕೊಟ್ಟಿದ್ದಳು. ಇಲ್ಲಿ ಬುಧವಾರ, ಟೈಲರ್ ಅಂಗಡಿಯ ಮೇಲಿನ ಕೋಣೆ. ನಿನ್ನೆ ಬುಧವಾರವೇ. ತೋರಿಸುತ್ತೇನೆ ಇವಳಿಗೆ, ಅಲ್ಲಿ ನನ್ನಂಥವನಿಗೆ ಕೆಲಸವಿಲ್ಲ ಅಂತ, ಅಂದುಕೊಂಡು ಮೆಟ್ಟಿಲು ಹತ್ತಿದೆ.

ಕೂತ ತಕ್ಷಣ ಜಗಳ ಮಾಡಿದೆ. ಕುರ್ಚಿಗಳು ಒಳ್ಳೆಯ ಮರ, ಅದರ ಮೇಲೆ ಯಾವನೋ ಪಾಪಿ ಉಪ್ಪುಕಾಗದ ಕೂಡ ಉಜ್ಜದೆ ಕಂದು ಪೇಂಟು ಬಳಿದಿದ್ದಾನೆ. ಧೂಳಿನ ಮೇಲೆ! ಅಂಗಿಗೆ ಅಂಟುತ್ತದೆ. "ಇದಕ್ಕೆ ಬಣ್ಣ ಬಳಿದೋನು ಯಾರು?" ಅಂತ ಕೂಗಿದೆ. ಒಬ್ಬಳು ಎದ್ದುಬಂದು "ನಾನೇ ತಾತ. ಕುಡಿಯೋದು ಬಿಟ್ಟ ಮೊದಲ ವಾರ ಕೈಗೆ ಏನಾದ್ರೂ ಕೆಲಸ ಬೇಕಿತ್ತು. ಕೂತ್ಕೊಳ್ಳಿ" ಅಂದಳು. ಅದೇ ನರ್ಸಮ್ಮ ಕಣೋ! ಬಾಯಿ ಮುಚ್ಚಿಕೊಂಡು ಕೂತೆ.

ಅಲ್ಲಿ ಮಾಡುವುದೇನು ಗೊತ್ತಾ? ಅಪ್ಪನ ನಿಯಮವೇ. ಕೂತವನು ಏಳುವ ಮೊದಲು ದೋಷ ಹೇಳಬೇಕು, ಕುರ್ಚಿಯದಲ್ಲ, ತನ್ನದು. ನನ್ನ ಸರದಿ ಬಂದಾಗ ಮೂರು ಗೀರಿನ ವಿಷಯ ಹೇಳಿದೆ. ಮುಚ್ಚಳದ ವಿಷಯವನ್ನೂ ಹೇಳಿದೆ. ಕೊಟ್ಟವನು ನಾನೇ ಅಂತ, ಕೆಮ್ಮುತ್ತಿದ್ದವನ ಕೈಗೆ ಅವತ್ತೇ ಎರಡನೆಯ ಮುಚ್ಚಳ ಇಟ್ಟವನೂ ನಾನೇ ಅಂತ. ಅದನ್ನು ನಿನ್ನ ಹತ್ತಿರ ಯಾವತ್ತೂ ಒಪ್ಪಿಕೊಂಡಿರಲಿಲ್ಲ. ಈಗ ಒಪ್ಪಿಕೊಂಡೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ಎದ್ದು ಬರುತ್ತಿದ್ದೆ.

ಮನೆಗೆ ಬಂದೆ. "ಹೇಗಿತ್ತು?" ಅಂದಳು ತಂಗಿ. "ಪೇಂಟು ಅಂಗಿಗೆ ಅಂಟುತ್ತೆ" ಅಂದೆ. ಇಬ್ಬರೂ ನಕ್ಕೆವು. ಮೊದಲು ನಗು ನಿಲ್ಲಿಸಿದವಳು ಅವಳು. ಒಳಗೆ ಹೋಗಿ ನಿನ್ನ ಕಾಗದ ತಂದು ನಿಂತಲ್ಲೇ ಓದಿದಳು.

"ಅಣ್ಣ, ಇವ್ರು ಅಲ್ಲಿ ಒಂದು ಗಂಟೆ ಕೂತಿದ್ರಂತೆ. ಕುರ್ಚಿ ಬಗ್ಗೆ ಒಂದು ಮಾತೂ ಇಲ್ಲ."

ಮದುವೆಯ ದಿನವೂ ಬಿಡದವನು ನೀನು. ಮಗಳು ಹುಟ್ಟಿದಾಗ ಆಸ್ಪತ್ರೆಯ ಬೆಂಚಿನ ಅಡ್ಡಪಟ್ಟಿ ಸಡಿಲ ಅಂತ ಡಾಕ್ಟರಿಗೆ ಹೇಳಿದವನು. ಅಪ್ಪ ಹೋದಾಗ ಜನ ಸಮಾಧಾನ ಹೇಳಲು ಬಂದರೆ, ಅವರನ್ನು ಕೂರಿಸಿದ ಬಾಡಿಗೆ ಕುರ್ಚಿಗಳನ್ನು ಬೈಯುತ್ತಾ ಅಳುತ್ತಿದ್ದವನು. ಬಾಗಿಲಿನ ಬಗ್ಗೆ ಬರೆದಿದ್ದೀಯ, ಸ್ಕ್ರೂ ಎಣಿಸಿ ಬರೆದಿದ್ದೀಯ, ಹಿಡಿ ಎಲ್ಲಿ ಸವೆದಿದೆ ಅಂತ ಬರೆದಿದ್ದೀಯ. ಒಳಗೆ ಮಾತ್ರ ಬಸ್ ಡ್ರೈವರು, ಟೀ, ಚಪ್ಪಾಳೆ. "ಬಾಗಿಲ ತನಕ ಹೋಗಿದ್ದಾರೆ" ಅಂದಳು ಅವಳು. ಅಷ್ಟೇ ಅಂದದ್ದು. ಚೀಲದಿಂದ ಬಟ್ಟೆ ತೆಗೆದು ಮತ್ತೆ ಬೀರುವಿನಲ್ಲಿ ಇಟ್ಟಳು. ಒಂದೊಂದಾಗಿ ಮಡಚಿ ಇಟ್ಟಳು. ಅದನ್ನು ನಾನು ನೋಡಬೇಕಾಯಿತು, ನೀನಲ್ಲ.

ಈ ಕಾಗದ ಸಿಗುವಷ್ಟರಲ್ಲಿ ನಾಳೆಯ ಬಸ್ಸು ಬಂದು ಹೋಗಿರುತ್ತದೆ, ಅವಳು ಅದರಲ್ಲಿರುವುದಿಲ್ಲ.

ಭಾವ


ಮೇ 20, ಸೋಮವಾರ

ಪೆನ್ಸಿಲ್,

ನಾನು ಬರೆದು ಐದು ವಾರವಾಯಿತು, ನಿನ್ನ ಕಾಗದವಿಲ್ಲ. ಬದುಕಿದ್ದೀಯಾ ಅಂತ ಮಗಳನ್ನು ಕೇಳಿದೆ, ಇದ್ದೀಯಂತೆ. ಬೈದದ್ದು ಜಾಸ್ತಿಯಾಯಿತೇನೋ. ವಾಪಸ್ಸು ತೆಗೆದುಕೊಳ್ಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು.

ನಾನು ಬುಧವಾರ ಹೋಗುತ್ತಿದ್ದೇನೆ. ನಡುವೆ ಒಂದು ಸಲ ಜಾರಿದೆ. ಮಾರನೆಯ ಬುಧವಾರ ಹೋಗಿ ಅದನ್ನೂ ಹೇಳಿದೆ. ಲೋಟವನ್ನು ತಂಗಿ ಕಿಟಕಿಯಿಂದ ತೆಗೆದು ಅದರಲ್ಲಿ ಬಾಚಣಿಗೆ ಇಟ್ಟುಕೊಂಡಿದ್ದಾಳೆ.

ಬಾಗಿಲ ತನಕ ಹೋದದ್ದೂ ಸಣ್ಣದಲ್ಲ. ಇದನ್ನು ಬರೆ ಅಂದವಳು ಅವಳು.

ಭಾವ


ಜುಲೈ 12, ಶುಕ್ರವಾರ

ಭಾವನವರಿಗೆ,

ಒಟ್ಟು ಹದಿನೆಂಟು.

ಹದಿನಾಲ್ಕು ಒಂದೇ ಕೈಯಲ್ಲಿ ಆದವು, ಮಿಕ್ಕ ನಾಲ್ಕು ಎಲ್ಲಿಂದಲೋ ಬಂದು ಸೇರಿದವು, ನಮ್ಮ ಹಾಗೆ. ಕಿಟಕಿಯ ಪಕ್ಕದ ಮೂರನೆಯದು ಮೂರೇ ಕಾಲಿನ ಮೇಲೆ ನಿಲ್ಲುತ್ತದೆ, ನಾಲ್ಕನೆಯದು ನೆಲಕ್ಕೆ ತಾಗುವುದಿಲ್ಲ. ಎರಡರ ಬೆನ್ನಿಗೆ ತಂತಿ ಸುತ್ತಿದ್ದಾರೆ. ಒಂದಕ್ಕೆ ಸ್ಕ್ರೂವನ್ನು ಸುತ್ತಿಗೆಯಿಂದ ಹೊಡೆದಿದ್ದಾರೆ ಭಾವ, ಮೊಳೆ ಹೊಡೆದ ಹಾಗೆ. ಮಾವನವರು ನೋಡಿದ್ದರೆ ಅಲ್ಲೇ ಕೂತುಬಿಡುತ್ತಿದ್ದರು, ಅದರ ಮೇಲೆ ಮಾತ್ರ ಅಲ್ಲ.

ನಾನು ಕೂತದ್ದು ಬಾಗಿಲ ಹತ್ತಿರದ್ದರ ಮೇಲೆ. ಎಡ ಮುಂಗಾಲಿನ ಸಂದು ಬಿಟ್ಟಿದೆ. ಉಸಿರಾಡಿದರೂ ಕಿರ್ ಅನ್ನುತ್ತದೆ. ನಾನು ನಡುಗುತ್ತಿದ್ದೆನೋ ಅದು ನಡುಗುತ್ತಿತ್ತೋ ಮೊದಲ ಹತ್ತು ನಿಮಿಷ ಗೊತ್ತಾಗಲಿಲ್ಲ. ನನ್ನ ಸರದಿ ಬಂತು. ಎದ್ದೆ. ಬಾಯಿಗೆ ಅಭ್ಯಾಸದ ಮಾತೇ ಮೊದಲು ಬಂತು, "ಎಡ ಮುಂಗಾಲಿನ ಸಂದು ಬಿಟ್ಟಿದೆ" ಅಂದೆ. ಎಲ್ಲರೂ ನಕ್ಕರು. ಆಮೇಲೆ ಇನ್ನೊಂದನ್ನೂ ಹೇಳಿದೆ. ಆಗ ಯಾರೂ ನಗಲಿಲ್ಲ.

ಬಸ್ ಡ್ರೈವರ್ ಇಲ್ಲ. ಮೇಷ್ಟ್ರೂ ಇಲ್ಲ. ಒಬ್ಬ ಕ್ಷೌರದವನಿದ್ದಾನೆ, ಅವನ ಕೈಯೂ ನನ್ನ ಕೈಯ ಹಾಗೆಯೇ, ಹಿಡಿತವಿಲ್ಲ. "ನೀವು ಮರಕ್ಕೆ ತಾನೇ ಗಾಯ ಮಾಡೋದು, ನನ್ನ ಕಥೆ ಯೋಚನೆ ಮಾಡಿ" ಅಂದ.

ಈಗ ಚೀಟಿಯ ವಿಷಯ. ನೀವು ಕಳಿಸಿದ ವಿಳಾಸದ ಚೀಟಿಯನ್ನು ಬಂದ ದಿನವೇ ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಕಾಲಡಿ ಇಟ್ಟಿದ್ದೆ. ಸ್ಟೂಲು ಸರಿಯಾಯಿತು ಅಂತ ಬರೆದದ್ದು ಅದನ್ನೇ. ನಗಾಡುತ್ತಾ ಬರೆದಿದ್ದೆ. ಆಮೇಲೆ ಗುರುವಾರ ಬಂದರೆ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡು ಹೋಗುವುದು, ಆ ಹಿತ್ತಾಳೆ ಹಿಡಿಯನ್ನು ನೋಡಿಕೊಂಡು ಇಸ್ತ್ರಿ ಅಂಗಡಿಯ ಕಟ್ಟೆಯ ಮೇಲೆ ಕೂರುವುದು, ವಾಪಸ್ಸು ಬಂದು ಚೀಟಿಯನ್ನು ಮತ್ತೆ ಕಾಲಡಿ ಇಡುವುದು. ನಡುನಡುವೆ ತಪ್ಪಿಸಿದ್ದು ಬಿಟ್ಟು ಒಂಬತ್ತು ಗುರುವಾರ ಹೀಗೇ ಆಯಿತು. ಇಸ್ತ್ರಿಯವನು ನನ್ನನ್ನು ಪತ್ತೇದಾರ ಅಂದುಕೊಂಡಿದ್ದ.

ನಿನ್ನೆ ಮಧ್ಯಾಹ್ನ ಚೀಟಿ ತೆಗೆದೆ. ಸ್ಟೂಲು ಅಲ್ಲಾಡಿತು. ಅವಳು ನಾಲ್ಕು ವರ್ಷ ಅದರ ಮೇಲೆ ಹತ್ತಿ ಮೇಲಿನ ಡಬ್ಬಿ ತೆಗೆದದ್ದು ನೆನಪಾಯಿತು. ತಿರುಗಿಸಿ ನೋಡಿದೆ. ಕಾಲಿನ ಸಂದಿಗೆ ಒಂದು ಬೆಣೆ ಬೇಕಿತ್ತು, ಅಷ್ಟೇ. ಉಳಿ ಎರಡು ಸಲ ಜಾರಿತು. ಬೆಣೆ ಕೊರೆದೆ, ಗೋಂದು ಹಾಕಿ ಕೂರಿಸಿದೆ. ಕಿವಿಯ ಪೆನ್ಸಿಲ್ಲಿಗೆ ಎಷ್ಟೋ ವರ್ಷದ ಮೇಲೆ ಕೆಲಸ ಸಿಕ್ಕಿತು. ಎಲ್ಲಾ ಸೇರಿ ಇಪ್ಪತ್ತು ನಿಮಿಷದ ಕೆಲಸ ಭಾವ. ನಾಲ್ಕು ವರ್ಷ.

ಆಮೇಲೆ ಚೀಟಿಯನ್ನು ವಾಪಸ್ಸು ಇಡಲು ಜಾಗವಿರಲಿಲ್ಲ. ಅದಕ್ಕೇ ಒಳಗೆ ಹೋದೆ.

ಕೀಲಿಕೈ ಇಟ್ಟುಕೊಂಡಿರುವ ಅಜ್ಜನನ್ನು ಕೇಳಿದ್ದೇನೆ, ಕುರ್ಚಿಗಳ ಸಂದು ಕೂಡಿಸಿ ಕಟ್ಟಲು ಗೋಂದು ಮತ್ತು ಹಗ್ಗ ತರಲಾ ಅಂತ. "ಅರ್ಧ ಗಂಟೆ ಮುಂಚೆ ಬಾ, ಬಾಗಿಲು ತೆಗೆದಿರ್ತೀನಿ" ಅಂದ. ಅವಳಿಗೆ ಏನೂ ಹೇಳಬೇಡಿ. ಅವಳೇ ಓದುತ್ತಾಳಲ್ಲ.

ಪೆನ್ಸಿಲ್


ಜುಲೈ 18, ಗುರುವಾರ

ಲೋ ಪೆನ್ಸಿಲ್,

ನೀನು ಈ ಕಾಗದ ಓದುವ ಹೊತ್ತಿಗೆ ಒಂದು ಕುರ್ಚಿ ಆಗಿರುತ್ತದೆ. ಅಲ್ಲಿಗೇ ನಿಲ್ಲಿಸು. ವಾರಕ್ಕೆ ಒಂದೇ. ಮೊದಲಿನಿಂದಲೂ ನಿನಗೆ ಅವಸರದ ಬುದ್ಧಿ, ಒಂದೇ ಸಂಜೆ ಆರು ಕುರ್ಚಿಗೆ ಕೈ ಹಾಕುತ್ತೀಯ. ಹಾಕಿದರೆ ಬಸ್ಸು ಹತ್ತಿ ಬಂದು ಕೈ ಮುರಿಯುತ್ತೇನೆ. ಹದಿನೆಂಟು ಕುರ್ಚಿ, ಹದಿನೆಂಟು ಗುರುವಾರ. ಲೆಕ್ಕ ನನ್ನದಲ್ಲ, ಅವಳದು.

ಅವಳು ಈಗಲೇ ಬರುವುದಿಲ್ಲ. ಮುಖ ಊದಿಸಿಕೊಳ್ಳಬೇಡ. ಒಂದು ಸಲ ಬಟ್ಟೆ ತುಂಬಿ ಮತ್ತೆ ತೆಗೆದವಳು ಅವಳು. ನಿನ್ನ ಕಾಗದ ಓದಿ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು, ತೊಳೆದಿದ್ದ ಪಾತ್ರೆಗಳನ್ನೇ. ಆಮೇಲೆ ಬಂದು ಹೇಳಿದಳು, "ಹದಿನೆಂಟನೇದು ಆದ ದಿನ ನಾನೇ ಹೋಗಿ ಕೂತು ದೋಷ ಹೇಳ್ತೀನಿ ಅಂತ ಬರಿ." ಅಪ್ಪನ ಮಗಳು. ಏನಾದರೊಂದು ಹುಡುಕೇ ಹುಡುಕುತ್ತಾಳೆ, ಹುಷಾರು.

ಅವಳ ಜೊತೆ ನಾನೂ ಬರುತ್ತೇನೆ. ನೀನು ಸಂದು ಕೂಡಿಸಿದ ಮೇಲೆ ಪಾಲಿಶ್ ಯಾರು ಹಚ್ಚುತ್ತಾರೆ? ನರ್ಸಮ್ಮನ ಕೈಗೆ ಕೊಡಬೇಕಾ? ಆದರೆ ಸ್ಪಿರಿಟ್ ತರುವುದಿಲ್ಲ. ಆ ಡಬ್ಬಿಯ ಮುಚ್ಚಳ ತೆಗೆದರೆ ನನಗೆ ಇನ್ನೂ ಅಟ್ಟ ನೆನಪಾಗುತ್ತದೆ, ನಲವತ್ತು ಕುರ್ಚಿ ನೆನಪಾಗುತ್ತದೆ, ಕೆಮ್ಮುತ್ತಿದ್ದ ನೀನು ನೆನಪಾಗುತ್ತೀಯ. ಮೇಣ ತರುತ್ತೇನೆ. ಬಟ್ಟೆಯಲ್ಲಿ ಉಜ್ಜಬೇಕು, ಕೈ ನೋಯುತ್ತದೆ, ಮೊದಲಿನಷ್ಟು ಹೊಳಪು ಬರುವುದಿಲ್ಲ.

ಬರದಿದ್ದರೆ ಬೇಡ. ಕುರ್ಚಿಯಲ್ಲಿ ಮುಖ ಕಾಣದಿದ್ದರೂ ಕೂರಬಹುದು.

ಭಾವ